ಹಳ್ಳಿಯಿಂದ ಹೋದದ್ದೆಷ್ಟು, ಪೇಟೆಯಿಂದ ಬಂದದ್ದೆಷ್ಟು?



ಹೋದ ಯುಗಾದಿಗೆ ಊರಿಗೆ ಬಂದಿದ್ದ ನಮ್ಮ ತಮ್ಮನ ಮಗ, ಬೆಂಗಳೂರಿನಲ್ಲಿ ಒಳ್ಳೆ ಸಂಬಳ ತಗೊಳ್ಳುವವನು, ಜಗಲಿ ಮೇಲೆ ಕೂತು ನನಗೆ ಪಾಠ ಹೇಳಿದ. "ದೊಡ್ಡಪ್ಪ, ನೀವು ಯಾವಾಗ ನೋಡಿದ್ರೂ ಬೆಲೆ ಬೆಲೆ ಅಂತ ಬಡ್ಕೋತೀರಿ. ಚೀನಾ ನೋಡಿ. ಅಲ್ಲಿನ ರೈತರು ಗಲಾಟೆ ಮಾಡದೆ ದೇಶಕ್ಕೆ ಅನ್ನ ಹಾಕಿದ್ರು. ಅದಕ್ಕೇ ಅವರ ಪೇಟೆಗಳು ಹಾಗೆ ಬೆಳೆದಿವೆ" ಅಂದ. ಹಬ್ಬದ ದಿನ ಜಗಳ ಯಾಕೆ ಅಂತ ಸುಮ್ಮನಾದೆ. ಆದರೆ ಮಾತು ತಲೆಯಲ್ಲಿ ಕೊರೆಯುತ್ತಲೇ ಇತ್ತು. ಹೈಸ್ಕೂಲು ದಾಟದವನು ನಾನು. ಆದರೂ ಪರಿಚಯದ ಮೇಷ್ಟ್ರೊಬ್ಬರನ್ನು ಕಾಡಿ ಬೇಡಿ ಚೀನಾದ ಚರಿತ್ರೆಯ ಪುಸ್ತಕಗಳನ್ನು ತರಿಸಿಕೊಂಡು, ಅರ್ಥವಾಗದ ಕಡೆ ಅವರನ್ನೇ ಕೇಳಿಕೊಂಡು ಓದಿದೆ. ಅಲ್ಲಿನ ರೈತ ಗಲಾಟೆ ಮಾಡಲಿಲ್ಲವೋ, ಮಾಡಲು ಬಿಡಲಿಲ್ಲವೋ, ಅದು ಬೇರೆ ಮಾತು. ನನಗೆ ಬೇಕಾಗಿದ್ದದ್ದು ಒಂದೇ ಲೆಕ್ಕ: ಹಳ್ಳಿಯಿಂದ ಪೇಟೆಗೆ ಹೋದದ್ದೆಷ್ಟು, ಪೇಟೆಯಿಂದ ಹಳ್ಳಿಗೆ ತಿರುಗಿ ಬಂದದ್ದೆಷ್ಟು?

ಆ ಲೆಕ್ಕವನ್ನು ಚೀನಾದವರೇ 2,400 ವರ್ಷದ ಹಿಂದೆ ಬರೆದಿಟ್ಟಿದ್ದಾರೆ. ವೇಯ್ ಎಂಬ ಒಂದು ರಾಜ್ಯ. ಅಲ್ಲಿ ಲಿ ಕುಯಿ ಎಂಬ ಮಂತ್ರಿ. ಅವನು ಒಂದು ರೈತ ಕುಟುಂಬದ ವರ್ಷದ ಜಮಾಖರ್ಚು ಹಾಕಿದ. ಮುಂದೆ ಹಾನ್ ವಂಶದ ಇತಿಹಾಸ ಬರೆದವರು ಅದನ್ನು ತಮ್ಮ ಗ್ರಂಥದಲ್ಲಿ ಸೇರಿಸಿಕೊಂಡಿದ್ದರಿಂದ ಅದು ನಮ್ಮವರೆಗೂ ಬಂದಿದೆ. ನೋಡಿ, ಮನೆಯಲ್ಲಿ ಐದು ಜನ. ನೂರು ಮು ಜಮೀನು, ಅಂದರೆ ನಮ್ಮ ನಾಲ್ಕೈದು ಎಕರೆ ಇದ್ದೀತು. ಮುಗೆ ಒಂದೂವರೆ ಷಿ ಇಳುವರಿ; ಷಿ ಅನ್ನುವುದು ನಮ್ಮ ಪಲ್ಲ, ಖಂಡುಗ ಇದ್ದ ಹಾಗೆ ಒಂದು ಅಳತೆ. ಒಟ್ಟು 150 ಷಿ ಧಾನ್ಯ. ಹತ್ತರಲ್ಲಿ ಒಂದು ಪಾಲು ಕಂದಾಯ, 15 ಷಿ ಹೋಯಿತು. ಐದು ಜನರ ವರ್ಷದ ಊಟಕ್ಕೆ 90 ಷಿ. ಉಳಿದದ್ದು 45. ಅದನ್ನು ಷಿಗೆ 30 ಕಾಸಿನಂತೆ ಮಾರಿದರೆ 1,350 ಕಾಸು. ಊರ ದೇವರು, ಹಬ್ಬ ಹರಿದಿನಕ್ಕೆ 300. ಉಳಿದದ್ದು 1,050. ಐದು ಜನರ ಬಟ್ಟೆಗೆ ತಲೆಗೆ 300ರಂತೆ 1,500. ಕೊರತೆ ಎಷ್ಟಾಯಿತು? 450 ಕಾಸು. ಕಾಯಿಲೆ ಕಸಾಲೆ, ಸಾವು ನೋವು, ಸರ್ಕಾರ ಮೇಲಿಂದ ಹೇರುವ ವಸೂಲಿ ಇದರಲ್ಲಿ ಸೇರಿಲ್ಲ ಅಂತ ಮಂತ್ರಿಯೇ ಹೇಳುತ್ತಾನೆ. ಬಿತ್ತನೆ ಬೀಜದ ಲೆಕ್ಕ ಅವನಿಗೂ ಮರೆತುಹೋಗಿದೆ! ರೈತನ ಮೈಕೂಲಿಯಂತೂ ಅಂದಿನಿಂದ ಇಂದಿನವರೆಗೆ ಯಾವ ಪಂಡಿತನ ಲೆಕ್ಕಕ್ಕೂ ಸಿಕ್ಕಿದ್ದು ಕಡಿಮೆ. ಅದನ್ನೆಲ್ಲ ಬಿಟ್ಟ ಮೇಲೂ ಕೊರತೆ.

ಈ ಕಾಗದವನ್ನು ಓದಿದಾಗ ನನಗೆ ನಮ್ಮ ಮನೆಯ ಸೊಸೈಟಿ ಪಾಸ್‌ಬುಕ್ಕು ನೋಡಿದಂತಾಯಿತು.

ಲಿ ಕುಯಿ ಕೊರತೆ ತೋರಿಸಿ ಕೈತೊಳೆದುಕೊಳ್ಳಲಿಲ್ಲ, ಅದು ಅವನ ಹಿರಿಮೆ. ಧಾನ್ಯದ ಬೆಲೆ ತೀರಾ ಏರಿದರೆ ಕೊಂಡು ತಿನ್ನುವವರು ಕೆಡುತ್ತಾರೆ, ತೀರಾ ಇಳಿದರೆ ರೈತ ಕೆಡುತ್ತಾನೆ, ಎರಡರಲ್ಲಿ ಯಾವುದಾದರೂ ರಾಜ್ಯಕ್ಕೆ ಕೇಡೇ ಅಂತ ಅವನ ವಾದ. ಅದಕ್ಕೆ ದಾರಿಯನ್ನೂ ಹೇಳಿದ. ಸುಗ್ಗಿ ಭರ್ಜರಿಯಾದ ವರ್ಷ, ರೈತನ ಹೆಚ್ಚುವರಿಯಲ್ಲಿ ನಾಲ್ಕರಲ್ಲಿ ಮೂರು ಪಾಲನ್ನು ಸರ್ಕಾರವೇ ಕೊಳ್ಳಬೇಕು. ಮಧ್ಯಮ ಬೆಳೆಯಾದರೆ ಎರಡು, ಸಾಧಾರಣ ಬೆಳೆಯಾದರೆ ಒಂದು. ಬರ ಬಂದಾಗ ಅದೇ ಕಾಳನ್ನು ಹೊರಗೆ ಬಿಡಬೇಕು. ಕ್ರಿಸ್ತಪೂರ್ವ 54ರಲ್ಲಿ ಹಾನ್ ಸರ್ಕಾರ ಇದೇ ತತ್ವದ ಮೇಲೆ ಗಡಿ ನಾಡುಗಳಲ್ಲಿ ಕಣಜ ಕಟ್ಟಿಸಿತು. ಹದಿನೆಂಟನೇ ಶತಮಾನದ ಚಿಂಗ್ ದೊರೆಗಳ ಕಾಲಕ್ಕೆ ಜಿಲ್ಲೆ ಜಿಲ್ಲೆಗೂ ಇಂಥ ಕಣಜಗಳಿದ್ದವು. ಬೆಂಬಲ ಬೆಲೆ ಅನ್ನುವುದು ನಿನ್ನೆ ಮೊನ್ನೆ ದೆಹಲಿಯಲ್ಲಿ ಹುಟ್ಟಿದ ಭಿಕ್ಷೆ ಅಂತ ತಿಳಿದವರು ಇದನ್ನು ಗಮನಿಸಬೇಕು.

ಸಾಲದ ವಿಚಾರಕ್ಕೂ ಅಲ್ಲಿ ದೊಡ್ಡ ಪ್ರಯೋಗವೇ ನಡೆದಿದೆ. 1069ರಲ್ಲಿ ಸುಂಗ್ ಸರ್ಕಾರದ ಮಂತ್ರಿ ವಾಂಗ್ ಆನ್‌ಶಿ 'ಹಸಿರು ಪೈರಿನ ಸಾಲ' ಅಂತ ಒಂದು ಕಾಯಿದೆ ತಂದ. ಪೈರು ಹಸಿರಿರುವಾಗ, ಹಳೆ ಕಾಳು ಮುಗಿದು ಹೊಸ ಕಾಳು ಮನೆಗೆ ಬರದ ದಿನಗಳಲ್ಲಿ, ರೈತ ಸಾಹುಕಾರನ ಬಾಗಿಲಿಗೆ ಹೋಗುತ್ತಾನೆ. ಅದರ ಬದಲು ಸರ್ಕಾರದ ಕಣಜದ ಬಂಡವಾಳದಿಂದಲೇ ಸಾಲ ಕೊಡೋಣ, ಬೆಳೆ ಬಂದಾಗ ಕಂದಾಯದ ಜೊತೆ ತೀರಿಸಲಿ, ಬೆಳೆಗೆ ನೂರಕ್ಕೆ ಇಪ್ಪತ್ತು ಬಡ್ಡಿ ಅಂತ ಗೊತ್ತುಮಾಡಿದ. ಇಪ್ಪತ್ತು ಅಂದ್ರೆ ಕಡಿಮೆಯೇನಲ್ಲ, ಆದರೆ ಸಾಹುಕಾರರು ಹಾಕುತ್ತಿದ್ದ ಬಡ್ಡಿಯ ಮುಂದೆ ಅದು ಕಡಿಮೆಯೇ. ಉದ್ದೇಶ ಒಳ್ಳೆಯದೇ ಇತ್ತು. ಕೆಟ್ಟದ್ದು ಎಲ್ಲಿ? ಇಷ್ಟು ಸಾಲ ಹಂಚಿದೆ, ಇಷ್ಟು ಬಡ್ಡಿ ತಂದೆ ಅಂತ ತೋರಿಸಿ ಮೇಲಿನವರಿಂದ ಭೇಷ್ ಅನ್ನಿಸಿಕೊಳ್ಳಲು ಅಧಿಕಾರಿಗಳು ಹೊರಟಾಗ. ಬೇಡ ಅಂದವನ ಕೊರಳಿಗೂ ಸಾಲ ಕಟ್ಟಿದರು. ಹತ್ತು ಮನೆಗಳನ್ನು ಒಂದಕ್ಕೊಂದು ಜಾಮೀನು ಮಾಡಿ, ಓಡಿಹೋದವನ ಸಾಲವನ್ನು ಇದ್ದವನ ಮೇಲೆ ಹೊರಿಸಿದರು. ಹಣ ಪಡೆಯಲು ಪೇಟೆಗೆ ಹೋದ ಹಳ್ಳಿ ಹುಡುಗರು ಅಲ್ಲೇ ಹೆಂಡದಂಗಡಿಯಲ್ಲಿ ಅರ್ಧ ಕಳೆದು ಬರುತ್ತಿದ್ದರು ಅಂತ ಆಗಿನವರೇ ದೂರಿದ್ದಾರೆ. ಸು ಷಿ ಎಂಬ ಕವಿ, ಸಾಲಕ್ಕಾಗಿ ಪೇಟೆ ಅಲೆದಲೆದು ರೈತರ ಮಕ್ಕಳಿಗೆ ದಕ್ಕಿದ್ದು ಪೇಟೆ ಭಾಷೆಯ ನಾಜೂಕು ಒಂದೇ ಅಂತ ಗೇಲಿ ಮಾಡಿದ. ಇಂಥ ಗೇಲಿಗಳನ್ನೆಲ್ಲ ಒಟ್ಟುಮಾಡಿ 1079ರಲ್ಲಿ ಅವನನ್ನು ಜೈಲಿಗೂ ಹಾಕಿದರು. 1086ರಲ್ಲಿ ಕಾಯಿದೆ ರದ್ದಾಯಿತು, ಅದೇ ವರ್ಷ ವಾಂಗ್ ಆನ್‌ಶಿಯೂ ತೀರಿಕೊಂಡ. ಸಾಹುಕಾರ ಮಾತ್ರ ಎಲ್ಲಿಗೂ ಹೋಗಲಿಲ್ಲ.

ಇನ್ನು ನೀರಿನ ಮಾತು. ಕಾಲುವೆ ಕೊನೇ ಭಾಗದಲ್ಲಿ ಜಮೀನಿರುವವರು ಇದನ್ನು ಸಾವಧಾನವಾಗಿ ಓದಬೇಕು. ಚೀನಾದ ರಾಜಧಾನಿಗಳು ಬಹುಮಟ್ಟಿಗೆ ಉತ್ತರದಲ್ಲಿ, ಭತ್ತದ ನಾಡು ದಕ್ಷಿಣದಲ್ಲಿ. ದಕ್ಷಿಣದ ಕಾಳನ್ನು ಉತ್ತರಕ್ಕೆ ಎಳೆಯಲು ಸೂಯ್ ವಂಶದ ಯಾಂಗ್ ಚಕ್ರವರ್ತಿ 605ರಲ್ಲಿ ಲಕ್ಷಾಂತರ ಜನರನ್ನು ಬಿಟ್ಟಿ ದುಡಿಸಿ ದೊಡ್ಡ ಕಾಲುವೆ ತೋಡಿಸಲು ತೊಡಗಿದ. ಮುಂದೆ ಸುಂಗರ ರಾಜಧಾನಿ ಕೈಫೆಂಗ್‌ಗೆ ಕಾಲುವೆಗಳಲ್ಲಿ ವರ್ಷಕ್ಕೆ ಸುಮಾರು 60 ಲಕ್ಷ ಷಿ ಧಾನ್ಯ ಹೋಗುತ್ತಿತ್ತು. ಮಿಂಗ್ ದೊರೆಗಳು 1472ರಲ್ಲಿ ಬೀಜಿಂಗಿಗೆ ವರ್ಷಕ್ಕೆ 40 ಲಕ್ಷ ಷಿ ಅಂತ ಗೊತ್ತುಮಾಡಿದರು. ಇದು ಕೊಂಡ ಕಾಳಲ್ಲ, ಕಪ್ಪದ ಕಾಳು. ಬೆಲೆಯ ಮಾತೇ ಇಲ್ಲ. ದೋಣಿ ಬಾಡಿಗೆ, ಇಲಿ ತಿಂದದ್ದು, ತೇವಕ್ಕೆ ಕೆಟ್ಟದ್ದು, ಗುಮಾಸ್ತನ ಮಾಮೂಲು ಎಲ್ಲವನ್ನೂ ರೈತನೇ ಮೇಲೆ ಕಟ್ಟಿಕೊಡಬೇಕಾಗಿದ್ದರಿಂದ, ಬೀಜಿಂಗಿನ ಕಣಜಕ್ಕೆ ಒಂದು ಮೂಟೆ ಮುಟ್ಟಬೇಕಾದರೆ ರೈತನ ಮನೆಯಿಂದ ಅದಕ್ಕಿಂತ ಬಹಳ ಹೆಚ್ಚೇ ಹೊರಡಬೇಕಾಗಿತ್ತು.

ಕಾಳು ಹೋದದ್ದು ಒಂದು ತೂಕವಾದರೆ, ಆ ಕಾಲುವೆಗಾಗಿ ಹಳ್ಳಿಗಳು ತೆತ್ತದ್ದು ಇನ್ನೊಂದು ತೂಕ. ಷಾನ್‌ಡಾಂಗ್ ಪ್ರಾಂತ್ಯದಲ್ಲಿ ಕಾಲುವೆ ದಿಣ್ಣೆ ಹತ್ತಿ ಇಳಿಯಬೇಕು. ಅಲ್ಲಿಗೆ ನೀರು ಸಾಲದು. ಆದ್ದರಿಂದ ಬೆಟ್ಟದ ತಪ್ಪಲಿನ ಊಟೆಗಳ ನೀರೆಲ್ಲ ಸರ್ಕಾರದ ದೋಣಿಗಳಿಗೆ ಮೀಸಲು; ರೈತ ಆ ನೀರನ್ನು ಗದ್ದೆಗೆ ತಿರುಗಿಸಿದರೆ ಶಿಕ್ಷೆ. ಬರಗಾಲದಲ್ಲಿ ಪೈರು ಒಣಗುತ್ತಿದ್ದರೂ ಕಣ್ಣೆದುರಿಗೆ ದೋಣಿ ತೇಲಬೇಕು. ಅಲ್ಲಿಂದ ದಕ್ಷಿಣಕ್ಕೆ, ಹಳದಿ ನದಿ, ಹುವಾಯ್ ನದಿ ಮತ್ತು ಕಾಲುವೆ ಮೂರೂ ಸೇರುವ ಕಡೆ, ಇದಕ್ಕೆ ಉಲ್ಟಾ ಕಷ್ಟ. ಹಳದಿ ನದಿ ತರುವ ಹೂಳು ಕಾಲುವೆಯ ಬಾಯಿ ಮುಚ್ಚುತ್ತಿತ್ತು. 1570ರ ದಶಕದಲ್ಲಿ ಪಾನ್ ಜಿಶುನ್ ಎಂಬ ನೀರಾವರಿ ಅಧಿಕಾರಿ ಹೋಂಗ್‌ಝೆ ಸರೋವರದ ಕಟ್ಟೆಯನ್ನು ಎತ್ತರಿಸಿ, ಹುವಾಯ್ ನದಿಯ ತಿಳಿನೀರನ್ನು ಅಲ್ಲಿ ತುಂಬಿಸಿ, ಅದರ ರಭಸದಿಂದ ಹೂಳನ್ನು ಸಮುದ್ರಕ್ಕೆ ತಳ್ಳುವ ಉಪಾಯ ಮಾಡಿದ. ಎಂಜಿನಿಯರುಗಳು ಇಂದಿಗೂ ಹೊಗಳುವ ಉಪಾಯ. ಆದರೆ ಸರೋವರ ವರ್ಷ ವರ್ಷಕ್ಕೂ ಏರಿತು. ದಡದ ಹೊಲಗಳು ಮುಳುಗಿದವು. 1680ರಲ್ಲಿ ಸಿಝೌ ಎಂಬ ಪಟ್ಟಣವೇ ಪೂರ್ತಿ ಮುಳುಗಿತು. ನೀರು ಮಿತಿಮೀರಿದಾಗ ಕಾಲುವೆ ಏರಿ ಒಡೆಯದಿರಲಿ ಅಂತ ಪೂರ್ವದ ತೂಬುಗಳನ್ನು ಎತ್ತುತ್ತಿದ್ದರು. ಆ ನೀರು ಹೋಗಿ ಬೀಳುತ್ತಿದ್ದದ್ದು ಕೆಳಗಿನ ಬಯಲಿನ ಭತ್ತದ ಗದ್ದೆಗಳ ಮೇಲೆ. ಬೀಜಿಂಗಿನ ಅನ್ನಕ್ಕೆ ತೊಂದರೆಯಾಗಬಾರದು ಅಂತ ಹುವಾಯ್ ಸೀಮೆಯ ಅನ್ನ ಮುಳುಗಿಸಿದರು. 1855ರಲ್ಲಿ ಹಳದಿ ನದಿ ತಾನಾಗಿ ಉತ್ತರಕ್ಕೆ ಪಾತ್ರ ಬದಲಿಸಿತು. ಕಾಲುವೆ ತುಂಡಾಯಿತು, ಕಾಳು ಸಮುದ್ರದ ಹಡಗು ಹತ್ತಿತು. ದೋಣಿಯ ಅವಶ್ಯಕತೆ ತೀರಿದ ಮೇಲೆ ಕಾಲುವೆ ಸೀಮೆಯ ಏರಿಗಳನ್ನೂ ತೂಬುಗಳನ್ನೂ ನೋಡಿಕೊಳ್ಳುವ ಆಸ್ಥೆ ಸರ್ಕಾರಕ್ಕೆ ಉಳಿಯಲಿಲ್ಲ. ಮೊದಲು ಕಾಲುವೆಗಾಗಿ ಕೆಟ್ಟ ಜನ, ಆಮೇಲೆ ಕಾಲುವೆ ಹೋಗಿ ಕೆಟ್ಟರು.

ಹಾಗಾದರೆ ಪೇಟೆ ಏನನ್ನೂ ತಿರುಗಿ ಕೊಡಲೇ ಇಲ್ಲವೇ? ಕೊಟ್ಟಿತು. ಇದನ್ನು ಓದುವಾಗ ಮೂಗು ಮುಚ್ಚಿಕೊಳ್ಳಬೇಡಿ. ಅದು ಪೇಟೆಯವರ ಹೇಲು.

ತೈಹು ಸರೋವರದ ಸುತ್ತ, ಸುಝೌ, ಹಾಂಗ್‌ಝೌ ಪಟ್ಟಣಗಳ ಸುತ್ತಲಿನ ಸೀಮೆಗೆ ಜಿಯಾಂಗ್‌ನಾನ್ ಅಂತ ಹೆಸರು. ಸಾವಿರ ವರ್ಷ ಇಡೀ ಚೀನಾದ ಶ್ರೀಮಂತ ನೆಲ ಅದು. ಊರು ಊರಿಗೂ ನೀರಿನ ಹಾದಿ. ಬೆಳಗ್ಗೆ ಕಾಳು, ತರಕಾರಿ, ಸೌದೆ ಹೊತ್ತ ದೋಣಿ ಪೇಟೆಗೆ ಹೋದರೆ, ತಿರುಗಿ ಬರುವಾಗ ಪೇಟೆಯ ಮಲಗೊಬ್ಬರ ಹೊತ್ತು ಬರುತ್ತಿತ್ತು. ಪುಕ್ಕಟೆಯಲ್ಲ, ದುಡ್ಡು ಕೊಟ್ಟು. ಅದನ್ನು ಒಟ್ಟುಮಾಡುವವರು, ಸಗಟಾಗಿ ಕೊಳ್ಳುವವರು, ದೋಣಿಯಲ್ಲಿ ಸಾಗಿಸುವವರು ಅಂತ ದೊಡ್ಡ ವ್ಯಾಪಾರವೇ ಇತ್ತು. ಫ್ರಾಂಕ್ಲಿನ್ ಕಿಂಗ್ ಎಂಬ ಅಮೆರಿಕದ ಮಣ್ಣುಶಾಸ್ತ್ರಜ್ಞ 1909ರಲ್ಲಿ ಚೀನಾ, ಕೊರಿಯಾ, ಜಪಾನ್ ಸುತ್ತಿ ಬಂದು ಪುಸ್ತಕ ಬರೆದ. ಅವನು ಸತ್ತ ವರ್ಷವೇ, 1911ರಲ್ಲಿ, ಅವನ ಹೆಂಡತಿ ಅದನ್ನು ಅಚ್ಚು ಹಾಕಿಸಿದಳು. ಷಾಂಗೈ ನಗರದ ವಿದೇಶೀಯರ ವಸಾಹತಿನಲ್ಲಿ 78,000 ಟನ್ ಮಲವನ್ನು ಎತ್ತಿಕೊಂಡು ಹೋಗುವ ಹಕ್ಕಿಗೆ ಒಬ್ಬ ಚೀನೀ ಗುತ್ತಿಗೆದಾರ 1908ರಲ್ಲಿ 31,000 ಚಿನ್ನದ ಡಾಲರ್ ಕಟ್ಟಿದ ಅಂತ ಅದರಲ್ಲಿದೆ. ನಮ್ಮ ಪುರಸಭೆಗಳು ಚರಂಡಿಗೆ ದುಡ್ಡು ಸುರಿಯುತ್ತವೆ. ಅಲ್ಲಿನ ಪುರಸಭೆಗೆ ಚರಂಡಿಯ ಮಾಲಿನಿಂದ ದುಡ್ಡು ಬರುತ್ತಿತ್ತು! ತನ್ನ ದೇಶದವರು ಇದೇ ಸತ್ವವನ್ನು ಸಮುದ್ರಕ್ಕೆ ಚೆಲ್ಲಿ, ನೆಲ ಬರಡಾಯಿತು ಅಂತ ಗೊಬ್ಬರದಂಗಡಿಗೆ ಓಡುತ್ತಾರೆ ಅಂತ ಕಿಂಗ್ ಮರುಗಿದ್ದಾನೆ.

ಮಲ ಒಂದೇ ಅಲ್ಲ. ಕಾಲುವೆಯ ತಳದ ಹೂಳನ್ನು ಬಿದಿರು ಗಳುವಿನ ಬಲೆಚೀಲದಲ್ಲಿ ಎತ್ತಿ ದೋಣಿಗೆ ತುಂಬಿ, ಹಿಪ್ಪುನೇರಳೆ ಸಾಲಿಗೂ ಗದ್ದೆಗೂ ಹಾಕುತ್ತಿದ್ದರು. ಎಕರೆಗೆ 70 ಟನ್ನಿಗೂ ಮೇಲೆ ಹಾಕಿದ ಕಡೆಗಳನ್ನು ಕಿಂಗ್ ಕಂಡಿದ್ದಾನೆ. ನಮ್ಮಲ್ಲಿ ಕೆರೆಗೋಡು ಹೊಡೆಸಿದವರಿಗೆ ಇದರ ಬೆಲೆ ಹೇಳಬೇಕಾಗಿಲ್ಲ. ಅದೂ ಸಾಲದಾದಾಗ, ಹದಿನೆಂಟನೇ ಶತಮಾನದ ಹೊತ್ತಿಗೆ, ದೂರದ ಮಂಚೂರಿಯಾದಿಂದ ಸೋಯಾ ಹಿಂಡಿ ಹಡಗಿನಲ್ಲಿ ಬಂದು ಜಿಯಾಂಗ್‌ನಾನ್ ಹೊಲಕ್ಕೆ ಬೀಳುತ್ತಿತ್ತು. ಅಂದರೆ ಒಂದು ಸೀಮೆಯ ಮಣ್ಣಿನ ಸಾರ ಇನ್ನೊಂದು ಸೀಮೆಗೆ.

ಇದನ್ನು ಸ್ವರ್ಗ ಅಂತ ವರ್ಣಿಸುವ ಪಟ್ಟಣದ ಪರಿಸರಪ್ರೇಮಿಗಳಿದ್ದಾರೆ, ಅವರ ಸಾಲಿಗೆ ನನ್ನನ್ನು ಸೇರಿಸಬೇಡಿ. ಕಳಿಯದ ಮಲ ಗದ್ದೆಗೆ ಬಿದ್ದು ಜನರ ಹೊಟ್ಟೆ ತುಂಬ ಹುಳ. ಬೀಜಿಂಗಿನಲ್ಲಿ ಯಾವ ಬೀದಿಯ ಮಲ ಯಾರ ಹಕ್ಕು ಅಂತ ಹಂಚಿಕೊಂಡ ಧಣಿಗಳಿದ್ದರು. ಬೆನ್ನ ಮೇಲೆ ಮರದ ಪೀಪಾಯಿ ಹೊರುತ್ತಿದ್ದವರು ಷಾನ್‌ಡಾಂಗಿನ ಹಳ್ಳಿಗಳಿಂದ ಹೊಟ್ಟೆಪಾಡಿಗೆ ಬಂದ ಕೂಲಿಗಳು. ಅಂಥ ಒಬ್ಬ ಕೂಲಿ ಷಿ ಚುವಾನ್‌ಷಿಯಾಂಗ್. 1959ರಲ್ಲಿ ಅವನನ್ನು ಮಾದರಿ ಕಾರ್ಮಿಕ ಅಂತ ಕರೆಸಿ, ದೇಶದ ಅಧ್ಯಕ್ಷ ಲಿಯು ಷಾವೊಕಿ ಕೈ ಕುಲುಕಿದ. ಸಾಂಸ್ಕೃತಿಕ ಕ್ರಾಂತಿಯ ಗಲಭೆಯಲ್ಲಿ ಲಿಯು ಉರುಳಿದಾಗ, ಆ ಕೈ ಕುಲುಕಿದ ತಪ್ಪಿಗೆ ಇವನನ್ನೂ ಹಿಂಸೆ ಮಾಡಿದರು. 1975ರಲ್ಲಿ ಸತ್ತ. ಹೊರುವವನ ಪಾಡು ಹೀಗೆ. ಆ ಕೆಲಸವನ್ನು ಹುಟ್ಟಿನಿಂದಲೇ ಒಂದು ಜಾತಿಯ ತಲೆಗೆ ಕಟ್ಟಿದ ನಾವು ಅವರಿಗೆ ಬುದ್ಧಿ ಹೇಳುವ ಯೋಗ್ಯತೆ ಉಳಿಸಿಕೊಂಡಿಲ್ಲ. ಆದರೂ ಒಂದು ಮಾತು ನಿಲ್ಲುತ್ತದೆ: ದುಡ್ಡಿನ ಲೆಕ್ಕದಲ್ಲಿ ರೈತನಿಗೆ ಮೋಸವಾಗುತ್ತಿದ್ದಾಗಲೂ ಮಣ್ಣಿನ ಲೆಕ್ಕದಲ್ಲಿ ಆ ಸೀಮೆಯ ಪೇಟೆ ಬಾಕಿ ಉಳಿಸಿಕೊಳ್ಳುತ್ತಿರಲಿಲ್ಲ.

ದುಡ್ಡಿನ ಮೋಸ ಹೇಗಿತ್ತು ಅನ್ನುವುದಕ್ಕೆ ರೇಷ್ಮೆ ಬೆಳೆಗಾರರು ಫೇ ಷಿಯಾವೊತುಂಗ್ ಬರೆದದ್ದನ್ನು ಕೇಳಬೇಕು. ಇವನು 1936ರಲ್ಲಿ ತೈಹು ಸರೋವರದ ಹತ್ತಿರ ಕೈಷಿಯಾನ್‌ಗುಂಗ್ ಎಂಬ ಹಳ್ಳಿಯಲ್ಲಿ ಕೂತು ಮನೆಮನೆಯ ಲೆಕ್ಕ ಬರೆದ. ದಿನಾ ಬೆಳಗ್ಗೆ ಅಲ್ಲಿಂದ ಪೇಟೆಗೆ ದೋಣಿ ಹೊರಡುತ್ತಿತ್ತು. ಎಣ್ಣೆ ಬುಡ್ಡಿ, ಹೆಂಡದ ಬುಡ್ಡಿ ದೋಣಿಯವನ ಕೈಗೆ ಕೊಟ್ಟು ಇಂಥದ್ದು ತಾ ಅಂದರೆ ಆಯಿತು. ಸಂಜೆಗೆ ಮನೆಗೆ ಬರುತ್ತಿತ್ತು. ದೋಣಿಯವನು ಹಳ್ಳಿಗನಿಂದ ಕೂಲಿ ಕೇಳುತ್ತಿರಲಿಲ್ಲ, ಪೇಟೆ ಅಂಗಡಿಯವನು ಅವನನ್ನು ನೋಡಿಕೊಳ್ಳುತ್ತಿದ್ದ. ಎಷ್ಟು ಒಳ್ಳೆ ಮನುಷ್ಯ ಅನ್ನಿಸುತ್ತದೆ, ಅಲ್ಲವೇ? ನಮ್ಮ ಮಂಡಿ ಸಾಹುಕಾರನೂ ಹೋದಾಗಲೆಲ್ಲ ಕಾಫಿ ತರಿಸುತ್ತಾನೆ. ಅದೇ ಹಳ್ಳಿಯಲ್ಲಿ ಒಂದು ಬಗೆಯ ಸಾಲವಿತ್ತು. ಹೇಮಂತದಲ್ಲಿ ಕೊಟ್ಟ ಹಣವನ್ನು ಹಿಪ್ಪುನೇರಳೆ ಸೊಪ್ಪಿನ ಲೆಕ್ಕದಲ್ಲಿ ಬರೆದುಕೊಳ್ಳುವುದು. ಆಗ ಸೊಪ್ಪಿಗೆ ಬೆಲೆಯಿಲ್ಲ. ವಸಂತದಲ್ಲಿ ಹುಳು ಮೇಯುವ ಕಾಲಕ್ಕೆ ಸೊಪ್ಪಿನ ಬೆಲೆ ಆಕಾಶಕ್ಕೆ ಏರಿದಾಗ, ಅಷ್ಟೇ ಸೊಪ್ಪಿನ ಬೆಲೆ ಕೊಡು ಅನ್ನುವುದು. ಬಡ್ಡಿ ಅನ್ನುವ ಶಬ್ದವೇ ಬರದ ಹಾಗೆ ಅಸಲು ಹಲವು ಪಟ್ಟಾಗುತ್ತಿತ್ತು.

1929ರ ಜಾಗತಿಕ ಕುಸಿತ ಬಂತು. ಜಪಾನಿನ ರೇಷ್ಮೆಯ ಪೈಪೋಟಿಯೂ ಸೇರಿತು. ಚೀನಾದ ನೂಲಿಗೆ ಬೆಲೆ ಹೋಯಿತು, ರೀಲಿಂಗ್ ಕಾರ್ಖಾನೆಗಳು ಬಾಗಿಲು ಹಾಕಿದವು. ಮಾವೊ ದುನ್ ಎಂಬ ಲೇಖಕ 1932ರಲ್ಲಿ ಬರೆದ ಒಂದು ಕಥೆ ಇದರದ್ದೇ. ಮುದುಕ ರೈತನೊಬ್ಬ ಸಾಲ ಮಾಡಿ ಸೊಪ್ಪು ಕೊಂಡು, ನಿದ್ದೆಗೆಟ್ಟು, ಎಂದೂ ಕಾಣದಂಥ ಗೂಡು ಬೆಳೆಯುತ್ತಾನೆ. ಬೆಳೆ ಚೆನ್ನಾಗಿ ಬಂದದ್ದಕ್ಕೇ ಅವನು ಮತ್ತಷ್ಟು ಸಾಲಗಾರನಾಗುತ್ತಾನೆ. ನಮ್ಮ ರಾಮನಗರ, ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಗೂಡಿನ ಜಾಲರಿ ಮುಂದೆ ಕೂತವರಿಗೆ ಇದು ಕಥೆಯಲ್ಲ. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ನೂರಕ್ಕೆ 30ರಿಂದ 5ಕ್ಕೆ ಇಳಿಸಿದಾಗ ಅಗ್ಗದ ನೂಲು ಬಂದದ್ದು ಅದೇ ಚೀನಾದಿಂದ. ಅಲ್ಲಿ ಸತ್ತ ರೈತನ ಮೊಮ್ಮಕ್ಕಳ ಕೈಯಿಂದಲೇ ಇಲ್ಲಿನ ರೈತನಿಗೆ ಪೆಟ್ಟು ಕೊಡಿಸಿದರು. ಪೆಟ್ಟು ಕೊಟ್ಟವನೂ ಬೆಳೆಗಾರ, ತಿಂದವನೂ ಬೆಳೆಗಾರ.

1949ರಲ್ಲಿ ರೈತರ ಹೆಗಲ ಮೇಲೆ ಕೂತು ಕಮ್ಯುನಿಸ್ಟ್ ಪಕ್ಷ ಅಧಿಕಾರಕ್ಕೆ ಬಂತು. ಜಮೀನು ಹಂಚಿತು, ಅದನ್ನು ಅಲ್ಲಗಳೆಯಬಾರದು. ಆದರೆ ಪೇಟೆಯಲ್ಲಿ ಉಕ್ಕಿನ ಕಾರ್ಖಾನೆ ಕಟ್ಟಬೇಕು, ದುಡ್ಡೆಲ್ಲಿ? 1953ರ ಕೊನೆಗೆ ಕಾಯಿದೆ ಬಂತು: ಧಾನ್ಯವನ್ನು ಸರ್ಕಾರವೇ ಕೊಳ್ಳಬೇಕು, ಸರ್ಕಾರ ಹೇಳಿದ ಬೆಲೆಗೆ, ಖಾಸಗಿ ವ್ಯಾಪಾರ ಬಂದ್. ಲೆವಿ ಕಾಲ ಕಂಡ ನಮ್ಮ ಹಿರಿಯರಿಗೆ ಇದರ ರುಚಿ ಗೊತ್ತು, ಆದರೆ ಅಲ್ಲಿನದು ನೂರು ಪಾಲು ಬಿಗಿ. ಧಾನ್ಯ ಅಗ್ಗ, ಪೇಟೆಯ ಸಾಮಾನು ತುಟ್ಟಿ. ಈ ಎರಡು ಅಲಗಿನ ನಡುವೆ ರೈತನ ದುಡಿಮೆಯನ್ನು ಕತ್ತರಿಸಿ ಕಾರ್ಖಾನೆಗೆ ಬಂಡವಾಳ ಮಾಡಿದರು. ಆ ವರ್ಷದ ಸೆಪ್ಟೆಂಬರಿನಲ್ಲೇ ಲಿಯಾಂಗ್ ಶುಮಿಂಗ್ ಎಂಬ ಹಿರಿಯ ಪಂಡಿತ ತುಂಬಿದ ಸಭೆಯಲ್ಲಿ ಎದ್ದು, ಕಾರ್ಮಿಕರು ಆಕಾಶದಲ್ಲಿದ್ದಾರೆ, ರೈತರು ಪಾತಾಳದಲ್ಲಿದ್ದಾರೆ ಅಂದುಬಿಟ್ಟ. ಮಾವೋ ಎಲ್ಲರೆದುರು ಅವನನ್ನು ಹಿಗ್ಗಾಮುಗ್ಗಾ ಬೈದ. ಅಲ್ಲಿಂದ ಮುಂದೆ ಯಾರೂ ಎದ್ದು ಹೇಳುವ ಧೈರ್ಯ ಮಾಡಲಿಲ್ಲ.

1958ರ ಜನವರಿಯಲ್ಲಿ ಹುಕೌ ಕಾಯಿದೆ. ಪ್ರತಿ ಮನುಷ್ಯನನ್ನೂ ಹಳ್ಳಿಯವನು, ಪೇಟೆಯವನು ಅಂತ ದಾಖಲು ಮಾಡಿದರು. ಪೇಟೆಯವನಿಗೆ ಪಡಿತರ, ಹಳ್ಳಿಯವನು ಅಪ್ಪಣೆ ಇಲ್ಲದೆ ಪೇಟೆಗೆ ನೆಲೆಸಲು ಹೋಗುವಂತಿಲ್ಲ. ಅದೇ ವರ್ಷ ಮಹಾ ನೆಗೆತ. ಅಡಿಗೆಪಾತ್ರೆ ಕರಗಿಸಿ ಉಕ್ಕು ಮಾಡಿದರು, ಬೆಳೆ ಹೊಲದಲ್ಲೇ ಕೊಳೆಯಿತು. 1958ರಲ್ಲಿ 37.5 ಕೋಟಿ ಟನ್ ಧಾನ್ಯ ಬೆಳೆದಿದ್ದೇವೆ ಅಂತ ಸಾರಿದರು. ನಿಜವಾಗಿ ಬಂದದ್ದು ಸುಮಾರು 20 ಕೋಟಿ. ಸುಳ್ಳು ಇಳುವರಿಯ ಮೇಲೆ ನಿಜವಾದ ವಸೂಲಿ ನಡೆಯಿತು. 1959ರಲ್ಲಿ ಬೆಳೆದದ್ದು 17 ಕೋಟಿ ಟನ್, ಸರ್ಕಾರ ಎತ್ತಿದ್ದು ಸುಮಾರು 6.7 ಕೋಟಿ. ಅದೇ ವರ್ಷ 40 ಲಕ್ಷ ಟನ್ನಿಗೂ ಹೆಚ್ಚು ಧಾನ್ಯವನ್ನು ಹೊರದೇಶಕ್ಕೆ ಮಾರಿದರು. 1961ರ ಹೊತ್ತಿಗೆ ಸತ್ತವರೆಷ್ಟು? ಒಂದೂವರೆ ಕೋಟಿ ಅನ್ನುವವರಿದ್ದಾರೆ, ನಾಲ್ಕೂವರೆ ಕೋಟಿ ಅನ್ನುವವರಿದ್ದಾರೆ. ಮೂರು ಕೋಟಿ ಅನ್ನುವವರು ಹೆಚ್ಚು. ಸತ್ತವರಲ್ಲಿ ಬಹುಪಾಲು ಯಾರು ಬಲ್ಲಿರಾ? ಬೆಳೆದವರು. ತಿನ್ನುವವನಿಗೆ ಪಡಿತರ ಚೀಟಿ ಇತ್ತು. ಬೆಳೆಯುವವನಿಗೆ ಹೊಲವಿತ್ತು, ಹೊಲದ ಕಾಳು ಅವನದಾಗಿರಲಿಲ್ಲ, ಭಿಕ್ಷೆಗೆ ಹೊರಡಲೂ ದಾರಿ ಕಾದಿದ್ದರು.

ಗಲಾಟೆ ಮಾಡದೆ ಅನ್ನ ಹಾಕಿದರು ಅಂದೆಯಲ್ಲ ಮಗಾ, ಹೀಗೆ ಹಾಕಿದರು.

1961ರಲ್ಲಿ ಕೆನಡಾ, ಆಸ್ಟ್ರೇಲಿಯಾದಿಂದ 50 ಲಕ್ಷ ಟನ್ನಿಗೂ ಮೇಲೆ ಧಾನ್ಯ ತರಿಸಿದರು. ಸುಮಾರು ಎರಡು ಕೋಟಿ ಜನರನ್ನು ಪೇಟೆಯಿಂದ ಹಳ್ಳಿಗೆ ತಿರುಗಿ ಅಟ್ಟಿದರು. ಪೇಟೆಯ ಹೊಟ್ಟೆ ಹಗುರಾಯಿತು, ಹಳ್ಳಿ ಒಂದಿಷ್ಟು ಉಸಿರಾಡಿತು. ಕಾಳಿನ ಬೆಲೆ ಮಾತ್ರ ಎಪ್ಪತ್ತರ ದಶಕದ ಕೊನೆಯವರೆಗೆ ಸರ್ಕಾರದ ಮುಷ್ಟಿಯಲ್ಲೇ ಇತ್ತು.

ಆಮೇಲಿನದು ಬಹಳ ಮಂದಿಗೆ ಗೊತ್ತಿರುವ ಕಥೆ. 1978ರ ಚಳಿಗಾಲ, ಆನ್‌ಹುಯಿ ಪ್ರಾಂತ್ಯದ ಷಿಯಾವೊಗಾಂಗ್ ಹಳ್ಳಿಯ 18 ಮನೆಯವರು ಗುಟ್ಟಾಗಿ ಸೇರಿ, ಸಾಮೂಹಿಕ ಜಮೀನನ್ನು ಮನೆವಾರು ಹಂಚಿಕೊಂಡು ಹೆಬ್ಬೆಟ್ಟು ಒತ್ತಿದರು. ಮುಂದಾಳು ಜೈಲಿಗೆ ಹೋದರೆ ಅವನ ಮಕ್ಕಳನ್ನು ಉಳಿದವರು ಸಾಕಬೇಕು ಅಂತ ಅದರಲ್ಲಿ ಬರೆದುಕೊಂಡಿದ್ದರು. ಪತ್ರಿಕೆಯವರು ಇದನ್ನು ನೂರು ಸಲ ಬರೆದಿದ್ದಾರೆ. ಬರೆಯದೆ ಬಿಡುವುದು ಇನ್ನೊಂದನ್ನು. 1979ರಲ್ಲಿ ಸರ್ಕಾರ ಧಾನ್ಯದ ಬೆಲೆಯನ್ನು ನೂರಕ್ಕೆ ಇಪ್ಪತ್ತು ಏರಿಸಿತು. ಗೊತ್ತುಮಾಡಿದ ಪಾಲಿಗಿಂತ ಹೆಚ್ಚು ಕೊಟ್ಟವನಿಗೆ ಅದರ ಮೇಲೆ ನೂರಕ್ಕೆ ಐವತ್ತು. 1978ರಲ್ಲಿ 30.5 ಕೋಟಿ ಟನ್ ಇದ್ದ ಬೆಳೆ 1984ಕ್ಕೆ 40.7 ಕೋಟಿ ಟನ್ ಆಯಿತು. ಹಳ್ಳಿಯವನ ತಲಾ ಆದಾಯ 134 ಯುವಾನಿನಿಂದ 355ಕ್ಕೆ ಏರಿತು. ಪೇಟೆಗೂ ಹಳ್ಳಿಗೂ ಇದ್ದ ಅಂತರ ಕಿರಿದಾಯಿತು. 1985ರಲ್ಲಿ ಹೆಚ್ಚುವರಿ ಬೆಲೆಯ ಆ ಪದ್ಧತಿಯನ್ನು ತೆಗೆದರು. ಆ ವರ್ಷವೇ ಬೆಳೆ 37.9 ಕೋಟಿಗೆ ಇಳಿಯಿತು. ಹವೆಯದೂ ಪಾಲಿತ್ತು, ಒಪ್ಪೋಣ. ಬೆಲೆ ಇಳಿದಾಗಲೆಲ್ಲ ಹವೆಯೇ ಕಾರಣ ಅನ್ನುವವರ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ.

ಅದರ ನಂತರ ಹಳೇ ರಾಗವೇ ಮತ್ತೆ. 1992ರ ಹೊತ್ತಿಗೆ ಧಾನ್ಯ ಕೊಂಡ ಸರ್ಕಾರಿ ಕೇಂದ್ರಗಳು ಎಷ್ಟೋ ಕಡೆ ರೈತನ ಕೈಗೆ ಹಣದ ಬದಲು ಬಿಳಿ ಚೀಟಿ ಕೊಟ್ಟವು. ಕೊಡಬೇಕಾದ ಹಣ ಪೇಟೆಯ ಕಟ್ಟಡಗಳಿಗೂ ಸೈಟುಗಳಿಗೂ ಹರಿದಿತ್ತು. ಕಬ್ಬಿನ ಬಾಕಿಗೆ ಕಾರ್ಖಾನೆ ಬಾಗಿಲು ಕಾದವರಿಗೆ ಆ ಚೀಟಿಯ ಬಣ್ಣ ಹೇಳಬೇಕೆ? 2006ರ ಜನವರಿ 1ರಂದು ಕೃಷಿ ಕಂದಾಯವನ್ನೇ ತೆಗೆದುಹಾಕಿದರು. ಲಿ ಕುಯಿಯ ಲೆಕ್ಕದ ಆ 15 ಷಿ ಮೊದಲ ಸಲ ರೈತನಿಗೆ ಉಳಿಯಿತು. ದೊಡ್ಡ ಕೆಲಸವೇ. ಆದರೂ 2009ರಲ್ಲಿ ಪೇಟೆಯವನ ಆದಾಯ ಹಳ್ಳಿಯವನ ಮೂರು ಪಟ್ಟು ದಾಟಿತ್ತು. 2023ರಲ್ಲೂ ಎರಡು ಪಟ್ಟಿಗಿಂತ ಹೆಚ್ಚೇ ಇದೆ. ಮೂವತ್ತು ಕೋಟಿಯ ಹತ್ತಿರ ಜನ ಹಳ್ಳಿಯ ದಾಖಲೆ ಇಟ್ಟುಕೊಂಡೇ ಕೂಲಿಗೆ ಹೊರಗೆ ದುಡಿಯುತ್ತಾರೆ. ನನ್ನ ತಮ್ಮನ ಮಗ ಮೆಚ್ಚಿದ ಆ ಪೇಟೆಗಳನ್ನು ಕಟ್ಟಿದ್ದು ಇವರು. ಇವರಲ್ಲಿ ಬಹಳ ಮಂದಿಗೆ ಆ ಪೇಟೆಯ ಸರ್ಕಾರಿ ಶಾಲೆಯಲ್ಲಿ ಮಗುವಿಗೆ ಸೀಟು ಕೊಡಿಸುವುದೇ ಕಷ್ಟ.

ಮಣ್ಣಿನ ಲೆಕ್ಕ ಏನಾಯಿತು ಅಂತ ಕೇಳಬೇಕಲ್ಲ. 1973ರ ಸುಮಾರಿಗೆ ಚೀನಾ ಹೊರದೇಶಗಳಿಂದ 13 ದೊಡ್ಡ ಯೂರಿಯಾ ಕಾರ್ಖಾನೆಗಳನ್ನು ಕೊಂಡಿತು. ಚೀಲದ ಗೊಬ್ಬರ ಬಂತು, ಇಳುವರಿ ಏರಿತು, ಕೋಟ್ಯಂತರ ಜನರ ಹೊಟ್ಟೆ ತುಂಬಿತು; ಅದನ್ನು ಹಳಿದರೆ ಬಾಯಿ ಹುಳ ಬೀಳುತ್ತದೆ. ಪೇಟೆಯಲ್ಲಿ ನೀರು ಹಾಕುವ ಕಕ್ಕಸು ಬಂತು. ದೋಣಿಗಳು ಗೊಬ್ಬರ ತರುವುದು ನಿಂತಿತು. ಬರಬರುತ್ತಾ ಲೋಕದಲ್ಲೇ ಅತಿ ಹೆಚ್ಚು ರಾಸಾಯನಿಕ ಗೊಬ್ಬರ ಸುರಿಯುವ ದೇಶ ಅದಾಯಿತು. 2015ರಲ್ಲಿ ಅಲ್ಲಿನ ಕೃಷಿ ಇಲಾಖೆಯೇ 2020ರ ಹೊತ್ತಿಗೆ ಇನ್ನು ಏರಿಸಬಾರದು ಅಂತ ಗೆರೆ ಎಳೆಯಬೇಕಾಯಿತು. ಗದ್ದೆಗೆ ಹೋಗಬೇಕಾಗಿದ್ದ ಪೇಟೆಯ ಹೊಲಸು, ಕಾರ್ಖಾನೆಯ ಹೊಲಸು, ಗದ್ದೆಯಲ್ಲಿ ಹೆಚ್ಚಾಗಿ ತೊಳೆದುಹೋದ ಯೂರಿಯಾ, ಮೂರೂ ಒಂದೇ ಕಡೆ ಹೋಗಿ ಸೇರಿದವು, ತೈಹು ಸರೋವರಕ್ಕೆ.

2007ರ ಮೇ ಕೊನೆಯಲ್ಲಿ ಆ ಸರೋವರ ಹಸಿರು ಪಾಚಿ ಕಟ್ಟಿ ನಾರಿತು. ದಡದ ವೂಷಿ ನಗರದಲ್ಲಿ ಸುಮಾರು 20 ಲಕ್ಷ ಜನರ ಮನೆಯ ನಲ್ಲಿಯಲ್ಲಿ ಬಂದದ್ದು ಮುಟ್ಟಲಾಗದ ನೀರು. ಅಂಗಡಿಗಳಲ್ಲಿ ಬಾಟಲಿ ನೀರಿಗೆ ಜನ ಮುಗಿಬಿದ್ದರು. ಅಂದಿನಿಂದ ಪಾಚಿ ಬಾಚಲು ದೋಣಿಗಳನ್ನು ಬಿಟ್ಟಿದ್ದಾರೆ, ತಳದ ಹೂಳೆತ್ತಲು ಯಂತ್ರ ಇಳಿಸಿದ್ದಾರೆ, ಸರ್ಕಾರದ ಖರ್ಚಿನಲ್ಲಿ. ನೂರು ವರ್ಷದ ಹಿಂದೆ ಆ ಸೀಮೆಯ ರೈತ ಆ ಹೂಳನ್ನು ತನ್ನ ಸ್ವಂತ ದೋಣಿಯಲ್ಲಿ, ಬೆಳಗಿನ ಜಾವದ ಚಳಿಯಲ್ಲಿ, ಯಾರೂ ಹೇಳದೆ ಎತ್ತಿಕೊಂಡು ಹೋಗುತ್ತಿದ್ದ.